ಉಂಬಳ ಮತ್ತು ಉಂಬಳಿ

ಒಂದೇ ಭಾಷೆಯಾಡುವವರ ನಡುವೆ ತಪ್ಪು ತಿಳಿವಳಿಕೆಗೆ ಆಸ್ಪದವಿಲ್ಲವೆಂದು ಬಲ್ಲವರು ಹೇಳುತ್ತಾರೆ. ಬಲ್ಲವರು ನನ್ನ ಸೋದರಮಾವನನ್ನು ಕರೆದುಕೊಂಡು ಮುದ್ದೇಬಿಹಾಳದಿಂದ ಕುದುರೆಮುಖದ ರಾಷ್ಟ್ರೀಯ ಉದ್ಯಾನಕ್ಕೆ ಹೋದವರಲ್ಲ.

ಮಾಮಾ ಕಂದಾಯ ಇಲಾಖೆಯಲ್ಲಿ ಆಯುಷ್ಯ ಸವೆಸಿ ನಿವೃತ್ತರಾದವರು. ಹೃದಯಕ್ಕೆ ಸ್ಟೆಂಟ್ ಹಾಕಿದ ಮೇಲೆ ರಕ್ತ ತೆಳುವಾಗಿಸುವ ಗುಳಿಗೆ ನುಂಗುತ್ತಿದ್ದರು. ನಡೆಯಬಹುದು, ಆದರೆ ಗಾಯವಾದರೆ ರಕ್ತ ಬೇಗ ನಿಲ್ಲುವುದಿಲ್ಲ ಎಂದು ಡಾಕ್ಟರು ಹೇಳಿದ್ದರು. ಹೊರಡುವಾಗ ಅತ್ತಿ ನನ್ನನ್ನು ಬಾಗಿಲಲ್ಲೇ ತಡೆದು, "ಅವರ ಮೈಮ್ಯಾಗ ಒಂದು ಗೀರು ಬಿದ್ರೂ ನೀ ಈ ಹೊಸ್ತಿಲಾ ತುಳೀಬ್ಯಾಡ" ಎಂದು ಆಶೀರ್ವದಿಸಿದ್ದರು.

ಬೆಟ್ಟದ ಬುಡದಲ್ಲಿ ಜೊತೆಯಾದ ಅಲ್ಲಿಯ ಗೈಡ್ ಮೊದಲೇ ಎಚ್ಚರಿಸಿದ. "ಮಳೆ ಈಗಷ್ಟೆ ಬಿಟ್ಟಿದೆ. ಮುಂದೆಲ್ಲ ಉಂಬಳ, ಮಾರಾಯ್ರೆ."

ನಮ್ಮ ಕಡೆ ಉಂಬಳಿ ಎಂದರೆ ಇನಾಮಾಗಿ ಬಿಟ್ಟುಕೊಟ್ಟ ಜಮೀನು. ಮಾಮಾನ ಕಿವಿ ನಿಮಿರಿತು.

"ಅಡವ್ಯಾಗ ಉಂಬಳಿ? ಯಾರಿಗೆ ಬಿಟ್ಟಾರ್ರಿ?"

"ಯಾರನ್ನೂ ಬಿಡಲ್ಲ."

"ಹಂಗಾರ ಇನ್ನೂ ಸರಕಾರದ ಕಬ್ಜಾದಾಗ ಐತಿ" ಎಂದು ಮಾಮಾ ತೀರ್ಪು ಕೊಟ್ಟರು.

ಗೈಡ್ ವಾದಕ್ಕೆ ನಿಲ್ಲದೆ ಹೊಗೆಸೊಪ್ಪಿಗೆ ಸುಣ್ಣ ಬೆರೆಸಿ ಅವರ ಅಂಗೈಗೆ ಹಾಕಿ ಮುಂದೆ ನಡೆದ. ಬಂದವರಿಗೆ ತಂಬಾಕು ಕೊಡುವ ಸೀಮೆ ಸಂಸ್ಕಾರವಂತರದ್ದೇ ಇರಬೇಕೆಂದು ಮಾಮಾ ಅದನ್ನು ತಿಕ್ಕಿ ದವಡೆಗೆ ಇಟ್ಟುಕೊಂಡರು. "ನಿಮ್ಮತ್ತಿ ಮುಂದ ಹೇಳಬ್ಯಾಡ."

ಹುಲ್ಲಿನ ಇಳಿಜಾರು ಏರುತ್ತಿದ್ದಂತೆ ಮಂಜು ಇಳಿಯಿತು. ಎದುರಿನ ಕಣಿವೆಯೂ ಬಂದ ದಾರಿಯೂ ಮುಚ್ಚಿಹೋದವು. ಆಗ ಮಾಮಾನ ಧೋತರದ ಅಂಚು ಕಂಡಿತು. ಕೆಂಪಾಗಿತ್ತು. ಎತ್ತಿ ನೋಡಿದರೆ ಒಂದು ಜಿಗಣೆ ಕುಡಿದು ಉದುರಿತ್ತು, ಇನ್ನೊಂದು ಕಚ್ಚಿಕೊಂಡಿತ್ತು.

"ಉಂಬಳ ಅಂತ ಹೇಳಿದ್ನಲ್ಲ" ಎಂದ ಗೈಡ್. "ಹೊಗೆಸೊಪ್ಪು ಕಾಲಿಗೆ ಹಚ್ಚಲಿಲ್ವಾ?"

"ಬಾಯಾಗೈತಿ" ಎಂದರು ಮಾಮಾ.

ಗುಳಿಗೆಯ ವಿಷಯ ಹೇಳಿದೆ. ಗೈಡನ ಮುಖ ಬದಲಾಯಿತು. ಜಿಗಣೆಯನ್ನು ಉಗುರಿನಿಂದ ಎಬ್ಬಿಸಿ ತೆಗೆದ. ನಾನು ಟವೆಲ್ ಮಡಚಿ ಬಿಗಿದೆ, ಟವೆಲ್ ಕೆಂಪಾಯಿತು. ಅದರ ಮೇಲೆ ನನ್ನ ಅಂಗಿ ಬಿಗಿದೆ.

"ಇಳೀರಿ" ಎಂದ ಗೈಡ್. ಈ ಸಲ ಮಾರಾಯ್ರೆ ಇರಲಿಲ್ಲ.

ಜಾರುವ ದಾರಿಯಲ್ಲಿ ಮಾಮಾ ನನ್ನ ಹೆಗಲು ಹಿಡಿದು ಇಳಿದರು. ಕೈ ತಣ್ಣಗಿತ್ತು. ನನ್ನ ಅಂಗಿಗೂ ಕಲೆ ಹಬ್ಬುತ್ತಿತ್ತು.

"ತುಸು ಕೂಡೂಣೇನು?"

"ಬ್ಯಾಡ್ರಿ ಮಾಮಾ, ನಡೀರಿ."

"ಉಂಬಳಿ ರದ್ದಾಗಿ ಎಷ್ಟೋ ವರ್ಷಾತು ನೋಡು" ಎಂದರು, ಸಣ್ಣ ದನಿಯಲ್ಲಿ. "ಇಲ್ಲಿ ಇನ್ನೂ ವಸೂಲಿ ನಡದೈತಿ."

ಕೆಳಗಿನ ಊರಿನ ಆಸ್ಪತ್ರೆಯಲ್ಲಿ ಒತ್ತಿ ಪಟ್ಟಿ ಕಟ್ಟಿದರು. ಸಂಜೆಗೆ ರಕ್ತ ನಿಂತಿತು. ಶಿಖರ ನೋಡದೆ ಊರಿಗೆ ಬಂದೆವು.