ಅತ್ತೆ ಹಿಸುಕಿದ ಅವರೆಕಾಳು, ಊದಿದ ನನ್ನ ಮುಖ

ಬೆಳಗಿನ ಜಾವ ಐದು ಗಂಟೆ. ಸ್ಟೀರಾಯ್ಡ್ ಮಾತ್ರೆ ಉಳಿಸಿದ್ದ ಚೂರು ನಿದ್ದೆಯನ್ನೂ ಪಿಚಕ್ ಪಿಚಕ್ ಸದ್ದು ಕೆಡಿಸಿತು. ಮುಳಬಾಗಿಲಿನಿಂದ ಬಂದಿರುವ ಅತ್ತೆ ನೆನೆಸಿದ ಅವರೆಕಾಳು ಹಿಸುಕುತ್ತಿದ್ದರು.

"ಯಾರಿಗತ್ತೆ ಇಷ್ಟೊಂದು?"

"ನಿಂಗೇ ಕಣಮ್ಮಾ. ಮುಖ ತುಂಬ್ಕೊಂಡೈತೆ, ಗಳಿಗೆಗೊಂದ್ ಸಲ ಬಾತ್ರೂಮಿಗೆ ಓಡ್ತೀಯ. ನಂಗೊತ್ತಾಗಲ್ವಾ? ಪಾಪುಗೆ ತಮ್ಮ ಬರ್ತಾವ್ನೆ!"

ಸ್ನೇಹಿತರೇ, ನನಗಿರುವುದು ಕರುಳಿನ ಹುಣ್ಣು. ಮುಖ ಊದಿರುವುದು ಮಾತ್ರೆಯಿಂದ. ಅವರೆಕಾಳು ತಿನ್ನುವಂತೆಯೇ ಇಲ್ಲ. ಎಲ್ಲವನ್ನೂ ಹೇಳಿದೆ.

"ಬಸುರೀರು ಮಾತ್ರೆ ನುಂಗ್ತಾರೇನೇ?" ಎಂದು ಅತ್ತೆ ನನ್ನ ಮಾತ್ರೆ ಡಬ್ಬಿಯನ್ನು ಬೀರುವಿಗೆ ಸೇರಿಸಿ, ಬೀಗದ ಕೈ ಸೊಂಟಕ್ಕೆ ಸಿಕ್ಕಿಸಿಕೊಂಡರು. ಸಂಜೆಯೊಳಗೆ ಬೀದಿಗೆಲ್ಲ ಸಿಹಿಸುದ್ದಿಯ ಜೊತೆ ಸಾರೂ ಹಂಚಿ ಆಯಿತು.

ಥಟ್ಟನೆ ನಿಲ್ಲಿಸಬಾರದ ಮಾತ್ರೆ ಅದು. ಮುಂದಿನದು ನಾಳೆ ಬೆಳಿಗ್ಗೆ. ನನ್ನ ಹೊಟ್ಟೆಯ ವಿಷಯದಲ್ಲಿ ನನ್ನ ಮಾತು ನಡೆಯುತ್ತಿಲ್ಲ. ನಿಮ್ಮಲ್ಲಿ ಡಾಕ್ಟರು ಯಾರಾದರೂ ಬೆಳಗಾಗುವುದರೊಳಗೆ ಅತ್ತೆಗೆ ಫೋನ್ ಮಾಡಿ, ದಮ್ಮಯ್ಯ. ಡಾಕ್ಟರಲ್ಲದಿದ್ದರೂ ಪರವಾಗಿಲ್ಲ, ದನಿ ಗಡುಸಾಗಿದ್ದರೆ ಸಾಕು.