ಕಮಲಾಬಾಯಿ ದೇವರ ಮುಂದಿನ ಕತ್ತಿ ಕಿತ್ತದ್ದು

ಚೀಲ ಕಳುವಾಗಿದೆ ಎಂದು ಗೊತ್ತಾದಾಗ ಕಮಲಾಬಾಯಿ ಬಾಯಿ ಬಡಿದುಕೊಳ್ಳಲಿಲ್ಲ. ಛತ್ರಪತಿ ಸಂಭಾಜಿನಗರದ ಚಿಕಲಠಾಣಾದಲ್ಲಿ ರಸ್ತೆಯಂಚಿಗೆ ನಿಂತು, ಶೇರ್ ರಿಕ್ಷಾದ ಹಿಂದೆ ಜೋತಾಡುತ್ತಿದ್ದ ಹಗ್ಗದ ತುಂಡನ್ನು ನೋಡಿದಳು. ಹಗ್ಗ ಬಿಚ್ಚಿರಲಿಲ್ಲ. ಕೊಯ್ದಿದ್ದರು.

"ಆಯಿ, ನನ್ನ ಕಿಟ್," ಎಂದಳು ಮಗಳು ಜಗದೇವಿ.

"ಹೋತು," ಎಂದಳು ಕಮಲಾಬಾಯಿ.

ರಿಕ್ಷಾದವನು ತಲೆ ಕೆರೆದುಕೊಂಡ. ಹಿಂದಿನ ನಾಕಾ ಸ್ಟಾಪಿನಲ್ಲಿ ಇಳಿದ ಒಬ್ಬ ಗಾಡಿಯ ಹಿಂಬದಿಗೆ ಸುತ್ತು ಹೊಡೆದದ್ದು ಅವನಿಗೆ ಕನ್ನಡಿಯಲ್ಲಿ ಕಂಡಿತ್ತಂತೆ. "ಬೀಡಿ ಹಚ್ಚಾಕ ಗಾಳಿಗೆ ಮರೆ ಹುಡುಕ್ತಾನ ಅಂದ್ಕೊಂಡೆ ಮಾವಶಿ" ಎಂಬರ್ಥದ ಮಾತನ್ನು ಮರಾಠಿಯಲ್ಲಿ ಹೇಳಿ, ತನ್ನ ಪಾಡಿಗೆ ತಾನು ಹೋದ. ಜಗದೇವಿ ರಸ್ತೆಯ ಮೇಲೆಯೇ ಕುಕ್ಕರುಗಾಲಲ್ಲಿ ಕೂತು ಅತ್ತಳು. ತಾಯಿ ಪಕ್ಕದಲ್ಲಿ ನಿಂತಿದ್ದಳು. ಅಳುವ ಮಗಳ ತಲೆಯ ಮೇಲೆ ಕೈಯಿಡಬೇಕು ಎಂಬುದು ಅವಳಿಗೆ ಹೊಳೆಯಿತು. ಇಟ್ಟಳು. ಹೊಳೆಯದಿದ್ದರೆ ಇಡುತ್ತಿರಲಿಲ್ಲ.

ಕಮಲಾಬಾಯಿ ಕಲಬುರಗಿ ಕಡೆಯ ಆಳಂದದ ಹೆಣ್ಣು. ಗಂಡ ಶಾಂತಕುಮಾರ ಸೆಂಟ್ರಿಂಗ್ ಕೆಲಸದವನು. ಅವನ ಬೆನ್ನು ಹಿಡಿದು ನಾಸಿಕ್‌ಗೆ ಬಂದು ಅಂಬಡ್‌ನ ಬಾಡಿಗೆ ಖೋಲಿಯೊಂದರಲ್ಲಿ ಒಲೆ ಹೂಡಿದಳು. ಅವನು ಹಲಗೆ ಬಡಿದ, ಇವಳು ಬುಟ್ಟಿ ಹೊತ್ತಳು. ಒಂದು ಮಳೆಗಾಲ ಅವನು ಕಟ್ಟಡದಿಂದ ಜಾರಿ ಬಿದ್ದು ಹೋದ. ಹೆಣ ಎತ್ತುವ ಹೊತ್ತಿಗೂ ಇವಳ ಕಣ್ಣು ಒಣಗಿಯೇ ಇತ್ತು. ಎದೆಯಲ್ಲಿ ಏನೋ ಮರಗಟ್ಟಿದೆ, ಗಂಡ ಹೋದ ಮೇಲೆ ಹೀಗಾದಳು ಎಂದು ಓಣಿಯ ಹೆಂಗಸರು ಕನಿಕರಪಟ್ಟರು. ಅದಕ್ಕೂ ಮೊದಲಿನಿಂದಲೇ ಹೀಗಿದ್ದೆನೇನೋ ಎಂಬ ಅನುಮಾನ ಅವಳಿಗಿದೆ. ಯಾರೂ ಕೇಳಲಿಲ್ಲ, ಅವಳೂ ಹೇಳಲಿಲ್ಲ. ಬೆಳಿಗ್ಗೆ ಏಳುತ್ತಾಳೆ, ರೊಟ್ಟಿ ಬಡಿಯುತ್ತಾಳೆ, ಬುಟ್ಟಿ ಹೊರುತ್ತಾಳೆ. ಹಬ್ಬ ಬಂದರೆ ಹಬ್ಬ, ಜ್ವರ ಬಂದರೆ ಜ್ವರ. ದೇವರ ವಿಷಯದಲ್ಲಿ ಮಾತ್ರ ಒಂದು ಕೂದಲಿನಷ್ಟೂ ಲೋಪ ಆಗಬಾರದು. ತವರಿನ ಮೈಲಾರಲಿಂಗ ಅವಳ ಮನೆದೇವರು. ಅರಿಶಿನದ ಭಂಡಾರದ ಗಂಟು ಸದಾ ಸೆರಗಿನಲ್ಲಿರುತ್ತದೆ.

ಜಗದೇವಿ ನಾಸಿಕ್‌ನಲ್ಲಿಯೇ ಹುಟ್ಟಿದವಳು. ಎಡಚಿ. ಊಟಕ್ಕೆ ಕೂತಾಗ ಎಡಗೈಯನ್ನು ಬೆನ್ನ ಹಿಂದೆ ಬಟ್ಟೆಯಿಂದ ಕಟ್ಟಿ ಕೂರಿಸಿ ನೋಡಿದರು, ಗದರಿಸಿ ನೋಡಿದರು. ಹುಡುಗಿ ಕಟ್ಟು ಬಿಚ್ಚಿದ ಗಳಿಗೆಗೆ ಎಡಗೈಯಿಂದಲೇ ತುತ್ತು ಮುರಿಯುತ್ತಿದ್ದಳು. ಆ ಕೈಯೇ ಅವಳ ಹಣೆಬರಹ ತಿದ್ದಿತು. ಶಾಲೆಗೆ ಕತ್ತಿವರಸೆ ಕಲಿಸಲು ಬರುತ್ತಿದ್ದ ಅಭಿಜಿತ್ ಸರ್, ಈ ಕಡೆಯವರು ತಲವಾರ್‌ಬಾಜಿ ಎನ್ನುವ ಫೆನ್ಸಿಂಗ್ ಆಟಕ್ಕೆ, ಈ ಹುಡುಗಿಯನ್ನು ಹೆಕ್ಕಿಕೊಂಡರು. ಎಡಗೈಯವರ ಏಟು ಯಾವ ದಿಕ್ಕಿನಿಂದ ಬರುತ್ತದೆ ಎಂಬುದು ಎದುರಿಗೆ ನಿಂತವರಿಗೆ ಬೇಗ ತಿಳಿಯುವುದಿಲ್ಲವಂತೆ. ಸರ್ ಯಾರ ಯಾರದೋ ಕೈಕಾಲು ಹಿಡಿದು ಅವಳ ಅಳತೆಯ ಸಾಮಾನು ಹೊಂದಿಸಿದ್ದರು: ಎಡಗೈ ಬೆರಳು ಕೂರುವ ಹಿಡಿಯ ಮೊಂಡು ತುದಿಯ ಕತ್ತಿ ಎರಡು, ಎಡಗೈಗೊಂದು ದಪ್ಪ ಗವಸು, ಎಡಚಿಯರ ಬಿಳಿ ಜಾಕೀಟು, ಉಕ್ಕಿನ ಜಾಳಿಗೆಯ ಮುಖವಾಡ.

ಆಯುಧಪೂಜೆಯ ಖಂಡೇನವಮಿಯ ದಿನ ಕಮಲಾಬಾಯಿ ಆ ಕತ್ತಿಗಳನ್ನು ಪೂಜೆಗಿಟ್ಟಳು. ಕತ್ತಿ ಅಂದ ಮೇಲೆ ಆಯುಧ, ಆಯುಧ ಅಂದ ಮೇಲೆ ಪೂಜೆ. ಭಂಡಾರ ಬಳಿದಳು, ಲಿಂಬೆಹಣ್ಣು ಕಟ್ಟಿದಳು, ಮುಖವಾಡದ ನೆತ್ತಿಗೆ ಕುಂಕುಮ ಹಚ್ಚಿ, ಎಲ್ಲಕ್ಕೂ ಕರಿದಾರ ಸುತ್ತಿದಳು.

"ಆಯಿ, ರೆಫ್ರಿ ನಗ್ತಾರ," ಎಂದು ಜಗದೇವಿ ಗೊಣಗಿದ್ದಳು.

"ನಗಲಿ. ನಕ್ಕರ ನಿನಗೇನು ಬಡೀತಾರೇನು?"

ಈಗ ಊರು ಬಿಡುವ ಬೆಳಿಗ್ಗೆಯೂ ಒಂದು ಹೊಸ ಲಿಂಬೆಹಣ್ಣು ಕಟ್ಟಿಯೇ ಚೀಲದ ಬಾಯಿ ಬಿಗಿದಿದ್ದಳು.

ಛತ್ರಪತಿ ಸಂಭಾಜಿನಗರದಲ್ಲಿ ಮಾರನೆಯ ದಿನ ಆಯ್ಕೆ. ಮೊದಲ ನಾಲ್ವರು ಹುಡುಗಿಯರು ರಾಜ್ಯದ ತಂಡಕ್ಕೆ. ಜಗದೇವಿಗೆ ಈ ವಯಸ್ಸಿನ ಗುಂಪಿನಲ್ಲಿ ಇದೇ ಕೊನೆಯ ವರ್ಷ. ಬೇರೆ ಮಕ್ಕಳು ಸರ್ ಜೊತೆ ಕ್ರೀಡಾಸಂಕುಲದಲ್ಲೇ ಉಳಿದುಕೊಂಡಿದ್ದರು. ಮಗಳನ್ನು ಕಣ್ಣಿನಿಂದ ಮರೆ ಮಾಡಲೊಲ್ಲದ ಕಮಲಾಬಾಯಿ ಮಾತ್ರ, ಚಿಕಲಠಾಣಾದ ತಗಡಿನ ಶೆಡ್ಡುಗಳಲ್ಲಿದ್ದ ತನ್ನ ಚಿಕ್ಕಪ್ಪನ ಮಗ ಶಿವಕಾಂತನ ಮನೆಗೆ ಹೊರಟಿದ್ದಳು. ಹಾದಿಯಲ್ಲಿ ಹೀಗಾಯಿತು.

ಪೊಲೀಸ್ ಠಾಣೆಗೂ ಹೋಗಿ ಬಂದರು. "ಎರಡು ತಲವಾರ್ ಕಳುವಾಗಿವೆಯೇ?" ಎಂದು ಅಲ್ಲಿದ್ದ ಹವಾಲ್ದಾರ ಹುಬ್ಬೇರಿಸಿದ. "ನಿಮ್ಮದು ಎಷ್ಟು ಜನರ ಗ್ಯಾಂಗು ತಾಯಿ?" ಜಗದೇವಿ ಮರಾಠಿಯಲ್ಲಿ ಎಲ್ಲ ಬಿಡಿಸಿ ಹೇಳಿದ ಮೇಲೆ ಅವನು ಮೆತ್ತಗಾದ, ಚಹಾ ತರಿಸಿದ, ಹುಡುಕುತ್ತೇವೆ ಎಂದ. ಅಭಿಜಿತ್ ಸರ್ ಫೋನ್ ಇಡದೆಯೇ ಅಲ್ಲಿದ್ದ ಬೇರೆ ತಂಡದವರನ್ನು ವಿಚಾರಿಸಿದರು. ಆಮೇಲೆ, "ಮುಖವಾಡ ಯಾರದಾದರೂ ಕೊಡಿಸಬಲ್ಲೆ. ಎಡಗೈ ಕತ್ತಿ, ಗವಸು, ಜಾಕೀಟು ಇಲ್ಲಿ ಯಾರ ಬಳಿಯೂ ಇಲ್ಲ ಬೇಟಾ. ನಾಳೆ ಮಧ್ಯಾಹ್ನದ ಒಳಗೆ ಸಾಮಾನು ತೋರಿಸದಿದ್ದರೆ ಹೆಸರು ಹೊಡೆದುಹಾಕುತ್ತಾರೆ," ಎಂದರು.

ಬೆಳಗಾಗುವಾಗ ಶೆಡ್ಡುಗಳ ಸಾಲಿನಲ್ಲಿ ಗದ್ದಲ ಎದ್ದಿತು. "ಏಳುಕೋಟಿ, ಏಳುಕೋಟಿ" ಎಂದು ಯಾರೋ ಮೈಲಾರನ ಜಯಕಾರ ಕೂಗುತ್ತಿದ್ದರು. ಶಿವಕಾಂತ ಬಾಯಲ್ಲಿ ಹಲ್ಲುಪುಡಿ ಇದ್ದ ಹಾಗೆಯೇ ಓಡಿ ಬಂದ.

"ಅಕ್ಕಾ, ಬಾ ಬಾ. ಮೈಲಾರಪ್ಪಗ ಎರಡು ಖಂಡಾ-ಕತ್ತಿ ಬಂದಾವ. ಯಾರು ಇಟ್ಟಾರೋ ಗೊತ್ತಿಲ್ಲ. ಮುಖಾನೂ ಬಂದದ!"

ಕಾರ್ಖಾನೆಯ ಗೋಡೆಯ ಪಕ್ಕ, ಬೇವಿನ ಬುಡದಲ್ಲಿ, ಆ ಶೆಡ್ಡುಗಳ ಜನ ನಿಲ್ಲಿಸಿಕೊಂಡ ಒಂದು ಮೈಲಾರನ ಕಲ್ಲಿತ್ತು. ಹೆಂಗಸರು ಮಕ್ಕಳು ಸುತ್ತ ಮುಗಿಬಿದ್ದಿದ್ದರು. ಕಮಲಾಬಾಯಿ ಮೊದಲು ಕೈ ಮುಗಿದಳು, ಆಮೇಲೆ ನೋಡಿದಳು. ಕಲ್ಲಿನ ತಲೆಗೆ ಉಕ್ಕಿನ ಜಾಳಿಗೆಯ ಮುಖವಾಡ ಏರಿತ್ತು. ಹೆಗಲಿಗೆ ಬಿಳಿ ಜಾಕೀಟು ಹೊದಿಸಿದ್ದರು. ಎರಡೂ ಕತ್ತಿಗಳನ್ನು ಮಣ್ಣಿನಲ್ಲಿ ನೆಟ್ಟು ಮಲ್ಲಿಗೆ ಸರ ಸುತ್ತಿದ್ದರು. ಅದರ ಕೆಳಗೆ ಅವಳೇ ಸುತ್ತಿದ ಕರಿದಾರ, ಅವಳೇ ಕಟ್ಟಿದ ಲಿಂಬೆಹಣ್ಣು.

ನಡೆದದ್ದು ಅವಳಿಗೆ ಹೊಳೆಯಿತು. ಕಳ್ಳ ಕತ್ತಲಲ್ಲಿ ಚೀಲ ಬಿಚ್ಚಿದ್ದಾನೆ. ಕೈಗೆ ಕತ್ತಿ, ಲಿಂಬೆಹಣ್ಣು, ಕರಿದಾರ, ಕುಂಕುಮ ಹಚ್ಚಿದ ಕಣ್ಣಿಲ್ಲದ ಮುಖ ಸಿಕ್ಕಿವೆ. ಭಾನಾಮತಿ ಮಾಟದ್ದೋ ದೇವರದೋ ಎಂದು ಅವನ ಎದೆ ಒಡೆದಿರಬೇಕು. ಹತ್ತಿರದಲ್ಲಿ ಕಂಡ ದೇವರ ಪಾದಕ್ಕೆ ಒಪ್ಪಿಸಿ ಓಡಿದ್ದಾನೆ.

"ಆಯಿ, ಅದು ನಂದು," ಎಂದು ಜಗದೇವಿ ಮುಂದೆ ನುಗ್ಗಿದಳು. ಒಬ್ಬ ಮುದುಕ ಕೋಲು ಅಡ್ಡ ಹಿಡಿದ. ಕಲ್ಲಿಗೆ ದಿನಾ ದೀಪ ಹಚ್ಚುವ ಯಶವಂತ ಕಾಕಾ ಅವನು, ಬೀದರ್ ಕಡೆಯವನು. ಅವನ ಮಾತಿಗೆ ಅಲ್ಲಿ ಎರಡನೇ ಮಾತಿರಲಿಲ್ಲ.

"ಕಾಕಾ, ನಮ್ಮ ಹುಡುಗೀವು ರೀ ಇವು," ಎಂದಳು ಕಮಲಾಬಾಯಿ.

"ಕತ್ತಿ ನಿಮ್ಮ ಹುಡುಗೀವು? ಯಾವ ದಂಡಿನ್ಯಾಗ ಅದಾಳವ್ವ ನಿನ್ನ ಮಗಳು?"

ನೆರೆದವರು ನಕ್ಕರು. ಶಿವಕಾಂತ ನಡುವೆ ಬಂದು ಆಟದ ವಿಷಯ, ಕಳುವಿನ ವಿಷಯ ಎಲ್ಲ ಹೇಳಿದ. ಕಾಕಾ ಕೇಳಿಸಿಕೊಂಡ. ಕೆಟ್ಟವನಲ್ಲ ಅವನು, ನಂಬಿದ್ದನ್ನು ನಂಬಿದವನು.

"ಭಂಡಾರ ಹಚ್ಚಿದಾಕಿ ಯಾರು?"

"ನಾನೇ ರೀ."

"ಯಾರ ಹೆಸರಿಲೆ ಹಚ್ಚಿದಿ?"

"ಮೈಲಾರಪ್ಪನ ಹೆಸರಿಲೆ."

"ಮುಗೀತಲ್ಲ. ನೀನು ವಿಳಾಸ ಬರೆದು ಹಾಕಿದಿ, ಕಳ್ಳ ತಂದು ಮುಟ್ಟಿಸಿದ. ಅಂವಾ ಪೋಸ್ಟ್‌ಮ್ಯಾನ್ ಅಷ್ಟ. ದೇವರ ಪಾದಕ್ಕ ಬಂದದ್ದು ತಿರುಗಿ ಒಯ್ಯಾಕ ಬರಂಗಿಲ್ಲವ್ವಾ. ನಿನಗ ನಾ ಹೇಳ್ಬೇಕೇನು?"

ಹೇಳಬೇಕಾಗಿರಲಿಲ್ಲ. ಹಿತ್ತಲಿಗೆ ಯಾರೋ ದೇವರಿಗೆ ಬಿಟ್ಟ ಕೋಳಿ ಬಂದರೂ ಕಾಳು ಹಾಕಿ ಕಳಿಸುವ ಮನೆಯಲ್ಲಿ ಬೆಳೆದವಳು ಅವಳು.

"ಟೈಮ್ ಆಗ್ಲತ್ತದ ಆಯಿ. ಪ್ಲೀಸ್. ಏನಾರ ಮಾತಾಡು," ಎಂದಳು ಜಗದೇವಿ.

"ದೇವರ ಅಪ್ಪಣಿ ಕೇಳ್ರಿ ಕಾಕಾ," ಎಂದಳು ಕಮಲಾಬಾಯಿ. "ಅಂವಾ ಹೂಂ ಅಂದ್ರ ಒಯ್ತೀವಿ. ಇಲ್ಲಾಂದ್ರ ಇಲ್ಲ."

ಕಾಕಾ ಒಪ್ಪಿದ. ಎರಡು ಸೇವಂತಿಗೆ ಎಸಳನ್ನು ನೀರಿನಲ್ಲಿ ನೆನೆಸಿ ದೇವರ ಎರಡೂ ಭುಜಕ್ಕೆ ಅಂಟಿಸಿದ. ದೇವರ ಬಲದ್ದು ಮೊದಲು ಬಿದ್ದರೆ ಹೂಂ, ಎಡದ್ದು ಬಿದ್ದರೆ ಇಲ್ಲ. ಎಲ್ಲರೂ ಕೂತರು. ಕೆಲಸಕ್ಕೆ ಹೋಗುವವರು ಡಬ್ಬಿ ಹಿಡಿದು ನಿಂತೇ ನೋಡಿದರು. ಬಿಸಿಲು ಏರಿತು. ಎಸಳು ಅಲುಗಲಿಲ್ಲ.

"ಗಾಳಿ ಬೀಸಲಿ ಅಂತ ಯಾರಾರ ಊದ್ರೀ," ಎಂದ ಒಬ್ಬ. ಅವನ ಹೆಂಡತಿ ಮೊಣಕೈಯಿಂದ ತಿವಿದಳು.

ಆಗ ಎಡ ಭುಜದ ಎಸಳು ಜಾರಿ, ಜಾಕೀಟಿನ ಮಡಿಕೆಯ ಮೇಲೆ ಒಂದು ಗಳಿಗೆ ನಿಂತು, ಮಣ್ಣಿಗೆ ಬಿತ್ತು.

"ನಂದು ಎಡಗೈ," ಎಂದಳು ಜಗದೇವಿ ಬಿಕ್ಕುತ್ತಲೇ. "ನನಗ ಎಡಕ್ಕ ಬಿದ್ರ ಹೂಂ ಅಂತ ಲೆಕ್ಕ."

ಒಬ್ಬಿಬ್ಬರು ನಕ್ಕರು. ಕಾಕಾ ನಗಲಿಲ್ಲ. "ಆತವ್ವಾ. ಕೇಳಿದಿ, ಹೇಳಿದ," ಎಂದು ಎದ್ದ.

ಕಮಲಾಬಾಯಿ ಕೂತಲ್ಲೇ ಕೂತಿದ್ದಳು. ದೇವರು ಬೇಡ ಎಂದಿದ್ದ. ಅದರಲ್ಲಿ ಅವಳಿಗೆ ಎಳ್ಳಷ್ಟೂ ಅನುಮಾನ ಇರಲಿಲ್ಲ. ಇನ್ನು ಅದನ್ನು ಮುಟ್ಟಿದರೆ ಮಹಾಪಾಪ. ಕೈಕಾಲು ನಡುಗಬೇಕು, ಬಾಯಿ ಒಣಗಬೇಕು ಎಂದು ಕಾದಳು. ನಡುಗಲಿಲ್ಲ. ಗಂಡನ ಹೆಣದ ಮುಂದೆ ಬಾರದ ಅಳುವಿನ ಹಾಗೆ ಈ ಹೆದರಿಕೆಯೂ ಬರಲಿಲ್ಲ. ಮಗಳ ಮುಖ ನೋಡಿದಳು. ಅಲ್ಲಿ ಅಳು, ಹೆದರಿಕೆ ಎಲ್ಲವೂ ಇತ್ತು, ಇಬ್ಬರಿಗಾಗುವಷ್ಟು.

ಎದ್ದು ಕಲ್ಲಿನ ಮುಂದೆ ಹೋದಳು.

"ಅಕ್ಕಾ," ಎಂದ ಶಿವಕಾಂತ.

"ನೀ ದೂರ ನಿಲ್ಲು ತಮ್ಮಾ." ಮಗಳ ಕಡೆ ತಿರುಗಿ, "ನೀನೂ. ಇದನ್ನ ನೀ ಮುಟ್ಟಬ್ಯಾಡ," ಎಂದಳು. ಆಮೇಲೆ ದೇವರಿಗೆ, ಪಕ್ಕದ ಮನೆಯವರೊಡನೆ ಮಾತಾಡುವ ದನಿಯಲ್ಲಿ ಹೇಳಿದಳು: "ನೀ ಬ್ಯಾಡ ಅಂದದ್ದು ಕೇಳಿನಿ. ಆದ್ರೂ ಒಯ್ಲತ್ತೀನಿ. ಸಿಟ್ಟು ಬಂದ್ರ ನನ್ನ ಮ್ಯಾಲ ಬರ್ಲಿ. ಹುಡುಗಿ ಮುಟ್ಟಿಲ್ಲ, ನೋಡಿಕೋ."

ಮುಖವಾಡ ತೆಗೆದಳು. ಒಳಗಿನ ಬೋಳು ಕಲ್ಲು ಕಂಡಿತು. ಜಾಕೀಟು ಬಿಡಿಸಿ ಝಾಡಿಸಿದಳು. ಕತ್ತಿಗಳನ್ನು ಒಂದೊಂದಾಗಿ ಕಿತ್ತಳು. ಗವಸು ಕಲ್ಲಿನ ಹಿಂದೆ ಚೀಲದೊಳಗೇ ಇತ್ತು. ಯಾರೂ ಅಡ್ಡ ಬರಲಿಲ್ಲ. ದೇವರ ಕೋಪಕ್ಕೂ ಅವಳಿಗೂ ನಡುವೆ ನಿಲ್ಲುವ ಮನಸ್ಸು ಯಾರಿಗಿತ್ತು? ಹೆಂಗಸರು ಕೂಸುಗಳ ಕಣ್ಣು ಮುಚ್ಚಿದರು. ಕಮಲಾಬಾಯಿ ನೀರಿನ ಟಾಕಿಯ ಹತ್ತಿರ ಕೂತು ಕತ್ತಿಗಳಿಗೆ ಹತ್ತಿದ ಭಂಡಾರ, ಮಣ್ಣು ಎಲ್ಲ ತೊಳೆದು, ಸೆರಗಿನಿಂದ ಒರೆಸಿ, ಆಮೇಲೆ ಮಗಳ ಕೈಗಿಟ್ಟಳು. ಈಗ ಅವು ದೇವರ ಮುಂದಿನಿಂದ ಬಂದವಲ್ಲ, ತಾಯಿಯ ಕೈಯಿಂದ ಬಂದವು. ಅಷ್ಟು ವ್ಯತ್ಯಾಸ ದೇವರಿಗೆ ತಿಳಿಯಲಿ ಎಂಬುದು ಅವಳ ಲೆಕ್ಕ.

ಆಟದ ಸಭಾಂಗಣದಲ್ಲಿ ಅವಳು ಮೆಟ್ಟಿಲ ಮೇಲೆ ಕೂತಿದ್ದಳು. ಬಿಳಿ ಬಟ್ಟೆಯ ಹುಡುಗಿಯರು ಎದುರುಬದುರು ನಿಂತು ಹಾವಿನ ಹಾಗೆ ಚುಚ್ಚಿ ಹಿಂದೆ ಸರಿಯುತ್ತಿದ್ದರು. ದೀಪ ಹೊತ್ತಿದರೆ ಏಟು ತಗುಲಿತು ಎಂದರ್ಥ. ಜಾಕೀಟಿನ ಹೆಗಲಿಗೆ ಅರಿಶಿನದ ಕಲೆ ಉಳಿದಿದ್ದರಿಂದ ಯಾರು ತನ್ನ ಮಗಳು ಎಂದು ಗುರುತು ಹಿಡಿಯುವುದು ಸುಲಭವಾಗಿತ್ತು. ಮೊದಲಿನ ಆಟಗಳಲ್ಲಿ ಜಗದೇವಿ ಗೆದ್ದಳು. ನಡುವೆ ಒಮ್ಮೆ ಕಾಲು ತಿರುಚಿ ಬಿದ್ದಳು. ಕಮಲಾಬಾಯಿ, ಬಂತು ಮೈಲಾರಪ್ಪನ ಸಿಟ್ಟು, ಅಂದುಕೊಂಡಳು. ಹುಡುಗಿ ಎದ್ದು ನಿಂತಳು. ಕಡೆಯ ಎರಡು ಆಟ ಸೋತಳು. ಸೋತರೂ ನಾಲ್ಕನೆಯವಳಾಗಿ ತಂಡಕ್ಕೆ ಬಂದಳು. ಅಭಿಜಿತ್ ಸರ್ ಕಮಲಾಬಾಯಿಯ ಎರಡೂ ಕೈ ಹಿಡಿದು ಅಲ್ಲಾಡಿಸಿದರು. ಆಕೆ "ಹಾಂ ಸರ್, ಹಾಂ ಸರ್" ಎಂದಳು.

ಸಂಜೆ ಬಟ್ಟೆಬರೆ ಒಯ್ಯಲು ಶೆಡ್ಡಿಗೆ ಬಂದರೆ ಅವರ ಗಂಟು ಓಣಿಯ ಬಾಯಿಯಲ್ಲೇ ಒಂದು ಕಲ್ಲಿನ ಮೇಲೆ ಕೂತಿತ್ತು. ಅಚ್ಚುಕಟ್ಟಾಗಿ ಕಟ್ಟಿದ್ದರು. ಮೇಲೆ ರೊಟ್ಟಿಯ ಬುತ್ತಿ. ಶಿವಕಾಂತ ಸ್ವಲ್ಪ ದೂರದಲ್ಲಿ ನಿಂತಿದ್ದ.

"ತಪ್ಪು ತಿಳಕೋಬ್ಯಾಡ ಅಕ್ಕಾ. ನೀವು ಹೋಗೋರು, ನಾವು ಇಲ್ಲೇ ಬಾಳೇ ಮಾಡೋರು. ಕಾಕಾ ಮೈಲಾರಪ್ಪಗ ಹಾಲು ಹಾಕಿ ತಂಪು ಮಾಡ್ಲತ್ತಾನ."

"ನಿನ್ನ ಜಾಗಾದಾಗ ನಾ ಇದ್ರೂ ಹಿಂಗ ಮಾಡ್ತಿದ್ದೆ."

"ಹುಡುಗೀದು ಏನಾತು?"

"ಆತು. ನಾಲ್ಕನೇದಾಕಿ."

ಶಿವಕಾಂತನ ಮುಖ ಅರಳಿತು. ಕೂಡಲೇ ಹಿಂದೆ ತಿರುಗಿ ಬೇವಿನ ಮರದ ಕಡೆ ನೋಡಿ, ಮುಖ ಸರಿಮಾಡಿಕೊಂಡ. "ಮೈಲಾರಪ್ಪ ಕಣ್ಣು ತೆರೆದ ಅನ್ನು."

"ಅಂವಾ ಬ್ಯಾಡ ಅಂದಿದ್ದ," ಎಂದಳು ಕಮಲಾಬಾಯಿ. "ಅವನ ಹೆಸರಿಗೆ ಹಚ್ಚಬ್ಯಾಡ."

ನಾಸಿಕ್‌ನ ಬಸ್ಸಿನಲ್ಲಿ ಕಿಟಕಿಯ ಪಕ್ಕದ ಜಾಗ ಸಿಕ್ಕಿತು. ಜಗದೇವಿ ಚೀಲವನ್ನು ತೊಡೆಯ ಮೇಲೆ ಇಟ್ಟುಕೊಂಡು ಮೊಬೈಲಿನಲ್ಲಿ ಗೆಳತಿಯರಿಗೆಲ್ಲ ಸುದ್ದಿ ಮುಟ್ಟಿಸಿದಳು. ಆಮೇಲೆ ತಾಯಿಯ ಮುಖವನ್ನೇ ನೋಡಿದಳು.

"ಆಯಿ, ನಿನಗ ಖುಷಿ ಆಗ್ಲಿಲ್ಲಾ?"

"ಆಗಿರ್ಬೇಕು."

"ಆಗಿರ್ಬೇಕು ಅಂದ್ರ?"

"ಆಗಿದ್ರ ತಿಳೀತದ ಬಿಡು. ನೀ ಉಣ್ಣು."

ಬುತ್ತಿ ಬಿಚ್ಚಿದಳು. ಜೋಳದ ರೊಟ್ಟಿ, ಶೇಂಗಾ ಹಿಂಡಿ. ಶಿವಕಾಂತನ ಹೆಂಡತಿ ಬಾಗಿಲು ಹಾಕಿಕೊಂಡಿದ್ದರೂ ರೊಟ್ಟಿ ಮಾತ್ರ ಮೆತ್ತಗೆ ಇರಲಿ ಎಂದು ಒದ್ದೆ ಬಟ್ಟೆಯಲ್ಲಿ ಸುತ್ತಿದ್ದಳು. ಜಗದೇವಿ ಎಡಗೈಯಿಂದ ಮುರಿದು ತಿಂದು, ಹಾಗೆಯೇ ಒರಗಿ ನಿದ್ದೆ ಹೋದಳು. ಕಮಲಾಬಾಯಿ ನಿದ್ದೆ ಮಾಡಲಿಲ್ಲ. ದೇವರ ಸಿಟ್ಟು ಬರುವುದಿದ್ದರೆ ಹಾದಿಯಲ್ಲೇ ಬರುತ್ತದೆ ಎಂದು, ಎದುರಿನ ಲಾರಿಗಳ ದೀಪ ನೋಡುತ್ತ ಎಚ್ಚರವಿದ್ದಳು. ವೈಜಾಪುರ ಹೋಯಿತು, ಯೇವಲಾ ಹೋಯಿತು. ಹಸಿವಾಯಿತು. ಮಗಳು ಬಿಟ್ಟ ಅರ್ಧ ರೊಟ್ಟಿ ಬುತ್ತಿಯಲ್ಲಿತ್ತು. ಅದನ್ನು ತೆಗೆದು ನಿಧಾನ ಅಗಿಯತೊಡಗಿದಳು.