ಫ್ರಿಜ್ ಮುಂದಿನ ಮಣೆ

ಮಗಳು ಅಳಿಯ ಸಂಪಿಗೆ ರಸ್ತೆಯ ಹಿಂದಿನ ಬೀದಿಯಲ್ಲಿ ಬಾಡಿಗೆ ಮನೆ ಹಿಡಿದಿದ್ದರು. ಹೇಗಿದ್ದಾರೋ ನೋಡಿ ಬರೋಣವೆಂದು ಹೋದೆ. ತಂದಿದ್ದ ಹಾಲಿನ ಪ್ಯಾಕೆಟ್ ಒಳಗಿಡಲು ಅಡುಗೆಮನೆಗೆ ಹೋದರೆ ಫ್ರಿಜ್ಜಿನ ಮುಂದೆ ಒಂದು ಜೊತೆ ನೀಲಿ ಹವಾಯಿ ಚಪ್ಪಲಿ. ಯಾರೋ ಮರೆತು ಬಿಟ್ಟಿದ್ದಾರೆಂದು ಕಾಲಿನಿಂದ ಪಕ್ಕಕ್ಕೆ ಸರಿಸಿದೆ. ಹೊರಗಿನಿಂದಲೇ ಮಗಳು ಕೂಗಿ ಹೇಳಿದಳು.

"ಅಮ್ಮಾ, ಚಪ್ಲಿ ಹಾಕ್ಕೊಂಡು ಬಾಗ್ಲು ತೆಗಿ. ಮುಟ್ಟಿದ್ರೆ ಸ್ವಲ್ಪ ಜುಮ್ ಅನ್ನತ್ತೆ, ಅಷ್ಟೆ."

ಅಷ್ಟೆ! ಅದನ್ನು ಕೇಳಿ ನನ್ನ ಮೈಯೆಲ್ಲ ಉರಿದುಹೋಯಿತು. ನನ್ನ ಕಣ್ಣ ಮುಂದೆ ಬಂದದ್ದು ಆ ಚಪ್ಪಲಿಯಲ್ಲ, ಹಲಸಿನ ಮರದ ಒಂದು ಊಟದ ಮಣೆ... ಬಹಳ ವರ್ಷಗಳ ಹಿಂದೆ ಎನ್.ಆರ್. ಕಾಲೋನಿಯ ಒಂದು ಅಡುಗೆಮನೆಯಲ್ಲಿ, ಇನ್ನೊಂದು ಫ್ರಿಜ್ಜಿನ ಮುಂದೆ, ಹಗಲೂ ರಾತ್ರಿ ಬಿದ್ದಿರುತ್ತಿದ್ದ ಮಣೆ.

ಆ ಮನೆಯ ಹಿಂಭಾಗದಲ್ಲಿ ನಾವು ಬಾಡಿಗೆಗಿದ್ದೆವು. ಮುಂಭಾಗದಲ್ಲಿ ಮನೆಯ ಯಜಮಾನರು ಮತ್ತು ಅವರ ಹೆಂಡತಿ. ಅಮ್ಮ ಆಕೆಯನ್ನು ಅಕ್ಕ ಎನ್ನುತ್ತಿದ್ದರಿಂದ ನನಗೆ ಅವರು ದೊಡ್ಡಮ್ಮ ಆದರು. ಅವರ ಗಂಡನನ್ನು ದೊಡ್ಡಪ್ಪ ಎನ್ನಲು ನನಗೆ ಯಾವತ್ತೂ ಬಾಯಿ ಬರಲಿಲ್ಲ. ಓನರ್ರು ಅಂತಲೇ ಕರೆಯುತ್ತಿದ್ದೆ, ಈಗಲೂ ಅವರು ನನಗೆ ಅಷ್ಟೇ.

ತೊಂಬತ್ತರ ದಶಕದ ಒಂದು ಬೇಸಿಗೆಯಲ್ಲಿ ಆ ಮನೆಗೆ ಫ್ರಿಜ್ ಬಂತು. ದೊಡ್ಡಮ್ಮನಿಗೆ ಆದ ಸಂಭ್ರಮ ಹೇಳತೀರದು. ಮಾರನೆಯ ದಿನದಿಂದಲೇ ಅದರೊಳಗೆ ಅರ್ಧ ಬೀದಿ ಸೇರಿಕೊಂಡಿತು. ನಮ್ಮ ಮನೆಯ ದೋಸೆ ಹಿಟ್ಟು, ಎದುರು ಮನೆಯ ಬಾಣಂತಿಯ ಔಷಧಿ, ಗಾಂಧಿ ಬಜಾರಿನಿಂದ ತಂದು ಒದ್ದೆ ಬಟ್ಟೆಯಲ್ಲಿ ಸುತ್ತಿಟ್ಟ ಮಲ್ಲಿಗೆ ಮೊಗ್ಗು. ತರಕಾರಿ ಗಾಡಿಯವನು ಬಂದು ನಿಂತರೆ ಮೊದಲು ಅವನಿಗೊಂದು ಲೋಟ ತಣ್ಣನೆ ನೀರು ಕೊಟ್ಟು, ಅವನು ಕುಡಿದು ಮುಗಿಸಿದ ಮೇಲೆ ಬದನೆಕಾಯಿಗೆ ಚೌಕಾಸಿ ಶುರು ಮಾಡುತ್ತಿದ್ದರು. ನೀರು ಕುಡಿದ ಬಾಯಲ್ಲಿ ಅವನು ಜಗಳಕ್ಕೆ ಬರುವುದಿಲ್ಲ ಎಂಬುದು ಅವರ ಲೆಕ್ಕಾಚಾರ.

ಆದರೆ ಆ ಫ್ರಿಜ್ ಬಂದ ದಿನದಿಂದಲೇ ಶಾಕ್ ಹೊಡೆಯುತ್ತಿತ್ತು.

ಕಾರಣವೇನೂ ದೇವರಹಸ್ಯವಾಗಿರಲಿಲ್ಲ. ಫ್ರಿಜ್ಜಿನ ಜೊತೆ ಬಂದ ಸ್ಟೆಬಿಲೈಸರಿನ ಪ್ಲಗ್ಗಿಗೆ ಮೂರು ಪಿನ್ನು, ಆ ಹಳೆಯ ಗೋಡೆಯಲ್ಲಿದ್ದದ್ದು ಎರಡು ತೂತು. ಓನರ್ರು ಹ್ಯಾಕ್ಸಾ ಬ್ಲೇಡ್ ತಂದು, ಮೇಲಿನ ದಪ್ಪ ಪಿನ್ನನ್ನು ಕುಯ್ದು ಬಿಸಾಕಿ, ಉಳಿದ ಎರಡನ್ನು ಗೋಡೆಗೆ ಒತ್ತಿದರು. ಫ್ರಿಜ್ ಗುಂಯ್ ಎಂದಿತು. ಮೀಸೆಯ ಮೇಲೆ ಕೈಯಾಡಿಸಿಕೊಂಡು ನಮ್ಮನ್ನೆಲ್ಲ ಕರೆದು ತೋರಿಸಿದ್ದು ನನಗೆ ಚೆನ್ನಾಗಿ ನೆನಪಿದೆ. ಕುಯ್ದು ಬಿಸಾಕಿದ್ದು ಅರ್ತ್ ಪಿನ್ನು. ಸೋರಿದ ಕರೆಂಟು ನೆಲಕ್ಕೆ ಇಳಿದುಹೋಗಲು ಇದ್ದ ದಾರಿ ಅದೊಂದೇ.

ಅಂಗಡಿಯಿಂದ ಬಂದ ಮೆಕ್ಯಾನಿಕ್ ಟೆಸ್ಟರನ್ನು ಬಾಗಿಲ ಹಿಡಿಗೆ ತಾಗಿಸಿದ. ಅದರೊಳಗಿನ ಪುಟ್ಟ ದೀಪ ಹತ್ತಿತು. ಅಂಗಳದಲ್ಲಿ ಗುಂಡಿ ತೋಡಿ, ಇದ್ದಿಲು ಉಪ್ಪು ತುಂಬಿ, ಪೈಪ್ ಹೂತು, ಅಲ್ಲಿಂದ ವೈರ್ ಎಳೆಯಬೇಕು ಎಂದ. ಅಂಗಳಕ್ಕೆ ಓನರ್ರ ತಂದೆ ಹಾಕಿಸಿದ ಕೆಂಪು ಗಾರೆ ಇತ್ತು, ಎಲ್ಲಿಯೂ ಒಂದು ಬಿರುಕಿರಲಿಲ್ಲ. ಅದನ್ನು ಒಡೆಯುವ ಮಾತು ಕೇಳಿದ್ದೇ ತಡ, ಓನರ್ರು ಅವನನ್ನು ಗೇಟಿನ ತನಕ ಬೈದುಕೊಂಡೇ ಹೋಗಿ ಬಿಟ್ಟು ಬಂದರು. ನಾನು ಆಗಷ್ಟೇ ಕಾಲೇಜು ಮುಗಿಸಿದ್ದೆ, ಬಾಯಿ ಜೋರಿತ್ತು. ಅವನು ಹೇಳಿದ್ದರಲ್ಲಿ ತಪ್ಪೇನಿದೆ ಎಂದು ಕೇಳಿಯೇಬಿಟ್ಟೆ.

"ಇದು ನಮ್ಮಪ್ಪ ಖುದ್ದು ನಿಂತು ಮಾಡಿಸಿದ ವೈರಿಂಗು," ಎಂದರು ಓನರ್ರು. "ಈ ಮನೇಲಿ ಇವತ್ತಿನವರ್ಗೂ ಯಾರಿಗೂ ಏನೂ ಆಗಿಲ್ಲ. ಅವಳು ಒದ್ದೆ ಕೈಯಲ್ಲಿ ಮುಟ್ತಾಳೆ, ಅದಕ್ಕೆ ಹೊಡಿಯತ್ತೆ."

ಅವರಪ್ಪ ನಿಂತು ಮಾಡಿಸಿದಾಗ ಆ ಮನೆಯಲ್ಲಿ ಇದ್ದದ್ದು ನಾಲ್ಕು ಬಲ್ಬು ಮತ್ತು ಒಂದು ರೇಡಿಯೊ. ಅದು ಅವರಿಗೂ ಗೊತ್ತಿತ್ತು. ಆದರೆ ಮನೆಯಲ್ಲಿ ಕೊರತೆಯಿದೆ ಎಂದು ಒಪ್ಪಿದರೆ ಅಪ್ಪನ ಮರ್ಯಾದೆ ಹೋಗುತ್ತದೆ, ಹೆಂಡತಿಯ ಕೈಯಲ್ಲಿ ಕೊರತೆಯಿದ್ದರೆ ಯಾರ ಮರ್ಯಾದೆಯೂ ಹೋಗುವುದಿಲ್ಲ. ಅಡುಗೆಮನೆಯಲ್ಲಿ ದಿನವಿಡೀ ದುಡಿಯುವ ಹೆಂಗಸಿನ ಕೈ ಒದ್ದೆಯಾಗಿರದೆ ಇನ್ನು ಹೇಗಿರಬೇಕಿತ್ತು?

ಕೊನೆಗೆ ದೊಡ್ಡಮ್ಮನೇ ಒಂದು ಉಪಾಯ ಕಂಡುಕೊಂಡರು. ಅಡುಗೆಮನೆಗೆ ಚಪ್ಪಲಿ ತರುವಂತಿರಲಿಲ್ಲ. ಅದಕ್ಕೆ ಅಟ್ಟದಿಂದ ಅಗಲದ ಮಣೆಯೊಂದನ್ನು ಇಳಿಸಿ ಫ್ರಿಜ್ಜಿನ ಮುಂದೆ ಹಾಕಿದರು. ಅದರ ಮೇಲೆ ನಿಂತು, ಸೆರಗನ್ನು ಕೈಗೆ ಸುತ್ತಿಕೊಂಡು, ಬಾಗಿಲು ತೆಗೆಯುವುದು. ಆಮೇಲೆ ಅದೇ ಆ ಮನೆಯ ಪದ್ಧತಿಯಾಗಿಹೋಯಿತು. ಹೊಸಬರು ಯಾರಾದರೂ ಬಂದರೆ ನಗುತ್ತಾ ಹೇಳುತ್ತಿದ್ದರು: "ನಮ್ಮತ್ತೆಗಿಂತ ಇದಕ್ಕೆ ಮಡಿ ಜಾಸ್ತಿ. ಮಣೆ ಹತ್ತದೆ ಮುಟ್ಬೇಡಿ, ಎಗರಿ ಬೀಳತ್ತೆ."

ಎಲ್ಲರೂ ನಗುತ್ತಿದ್ದೆವು. ಒಮ್ಮೆ ಜೋರಾಗಿ ಹೊಡೆಯಿತೆಂದು ದೊಡ್ಡಮ್ಮ ಕೆಲವು ದಿನ ಫ್ರಿಜ್ಜನ್ನು ಆರಿಸಿಯೇ ಇಟ್ಟಿದ್ದರು. ಮಧ್ಯಾಹ್ನದ ಊಟಕ್ಕೆ ತಣ್ಣನೆ ನೀರಿಲ್ಲವೆಂದು ಓನರ್ರು ಮುಖ ಊದಿಸಿಕೊಂಡು ಕೂತರು. ಪಾಪ, ದೊಡ್ಡಮ್ಮ ಮತ್ತೆ ಹಾಕಿದರು. ಆ ಫ್ರಿಜ್ಜಿನ ಬಾಗಿಲನ್ನು ಓನರ್ರು ತಮ್ಮ ಕೈಯಾರೆ ತೆಗೆದದ್ದನ್ನು ಮಾತ್ರ ನಾನು ಒಂದು ದಿನವೂ ನೋಡಲಿಲ್ಲ. ನೀರು ಅವರು ಕೂತಲ್ಲಿಗೇ ಬರುತ್ತಿತ್ತು.

ಆಮೇಲೆ ಸತ್ಯನಾರಾಯಣ ಪೂಜೆಯ ದಿನ ಬಂತು...

ಬೆಳಿಗ್ಗೆಯಿಂದಲೇ ಮನೆ ತುಂಬ ಜನ. ಮನೆಯಲ್ಲಿದ್ದ ಬೇರೆ ಮಣೆಗಳೆಲ್ಲ ಊಟದ ಸಾಲಿಗೆ ಹೋಗಿದ್ದವು. ಪೂಜೆಗೆ ಕೂರಲು ಹೋದ ಓನರ್ರಿಗೆ ಹಾಕಿದ್ದ ಮಣೆ ಚಿಕ್ಕದಾಯಿತು, ಮಂಡಿ ನೋವು. ಅಡುಗೆಮನೆಯ ಅಗಲದ ಮಣೆ ತಾ ಎಂದರು. ದೊಡ್ಡಮ್ಮ ತಂದು, ಒರೆಸಿ, ರಂಗೋಲಿಯ ಎರಡು ಎಳೆ ಎಳೆದು ಹಾಕಿದರು. ಅವರು ಅದರ ಮೇಲೆ ಸುಖವಾಗಿ ಚಕ್ಕಳಮಕ್ಕಳ ಹಾಕಿ ಕೂತರು.

ಪೂಜೆಯ ನಡುವೆ ಪುರೋಹಿತರು ತುಳಸಿ ಕೇಳಿದರು. ಹೂವು ತುಳಸಿ ಎಲ್ಲ ಫ್ರಿಜ್ಜಿನಲ್ಲಿತ್ತು. ಬೇಗ ತಾ, ಬೇಗ ತಾ ಎಂದು ಓನರ್ರು ಅವಸರ ಮಾಡಿದರು. ದೊಡ್ಡಮ್ಮ ಎದ್ದು ಹೋದರು. ತಲೆಗೆ ಸ್ನಾನ ಮಾಡಿದ ಕೂದಲು, ತುದಿಗಂಟಿನಿಂದ ಇನ್ನೂ ನೀರು ತೊಟ್ಟಿಕ್ಕುತ್ತಿತ್ತು. ಅಡುಗೆಮನೆಯ ನೆಲವನ್ನು ಆಗಷ್ಟೇ ತೊಳೆದಿದ್ದರು. ನಾನು ನಡುಮನೆಯಲ್ಲಿ ಬಾಳೆ ಎಲೆ ಒರೆಸುತ್ತಿದ್ದೆ. ಕೂಗು ಕೇಳಿಸಲಿಲ್ಲ. ಏನೋ ಬಿದ್ದ ಸದ್ದು ಮಾತ್ರ ಕೇಳಿಸಿತು.

ಓಡಿಹೋಗಿ ಮೊದಲು ಪ್ಲಗ್ ಕಿತ್ತೆ. ಆಮೇಲೆ ಅವರನ್ನು ಮುಟ್ಟಿದೆ. ಬೀದಿ ಕೊನೆಯ ಡಾಕ್ಟರು ಬರುವಷ್ಟರಲ್ಲಿ...

ಹಾರ್ಟು ವೀಕಿತ್ತು ಎಂದು ಓನರ್ರು ಬಂದವರಿಗೆಲ್ಲ ಹೇಳಿದರು. ಕೇಳಿದವರು ತಲೆಯಾಡಿಸಿದರು. ದೊಡ್ಡಮ್ಮನ ಬಲಗೈಯ ಬೆರಳುಗಳ ಒಳಗೆ ಸುಟ್ಟ ಗುರುತಿತ್ತು, ನಾನು ನೋಡಿದ್ದೆ. ಮುತ್ತೈದೆಯೆಂದು ಹೆಂಗಸರು ಕೈಗೆ ಕಾಲಿಗೆ ಅರಿಶಿನ ಬಳಿದ ಮೇಲೆ ಆ ಗುರುತೂ ಕಾಣದಂತಾಯಿತು. ಎಂಥಾ ಪುಣ್ಯವಂತೆ, ಪೂಜೆಯ ದಿನ ಮುತ್ತೈದೆಯಾಗಿಯೇ ಹೋದಳು ಎಂದು ಮೂಗು ಒರೆಸಿಕೊಂಡರು. ಪುಣ್ಯವಂತೆಯಂತೆ! ಬದುಕಿರಬೇಕಾದ ಹೆಂಗಸನ್ನು ಕಳಿಸಿಕೊಟ್ಟು ಅದಕ್ಕೆ ಪುಣ್ಯವೆಂದು ಹೆಸರಿಡುವವರ ನಾಲಿಗೆಗೆ ಏನು ಹೇಳಲಿ?

ವೈಕುಂಠ ಸಮಾರಾಧನೆಗೆ ಮೊದಲೇ ಓನರ್ರು ಅಂಗಳದ ಗಾರೆ ಒಡೆಸಿದರು. ಬಂದ ನೆಂಟರಿಗೆ ಹಾಲು ಮೊಸರು ಕೆಡದಂತೆ ಫ್ರಿಜ್ ಬೇಕಿತ್ತಲ್ಲ. ಫ್ರಿಜ್ಜಿನ ಒಳಗಿನ ವೈರಿನ ಸಿಪ್ಪೆ ಪೂರ್ತಿ ಸುಲಿದುಹೋಗಿದೆ, ಅರ್ತ್ ಇದ್ದಿದ್ದರೆ ಫ್ಯೂಸ್ ಹೋಗುತ್ತಿತ್ತು ಎಂದು ಹೇಳಿ ಎಲೆಕ್ಟ್ರಿಷಿಯನ್ ಅದನ್ನೂ ಬದಲಿಸಿದ. ಗುಂಡಿ, ಇದ್ದಿಲು, ಉಪ್ಪು, ಪೈಪು, ವೈರು, ಎಲ್ಲ ಸೇರಿ ಒಂದು ಮಧ್ಯಾಹ್ನದ ಕೆಲಸ. ನಾನು ಅಂಗಳಕ್ಕಿಳಿದು ಓನರ್ರ ಎದುರಿಗೇ ನಿಂತು ಹೇಳಿದೆ, ಆವತ್ತು ಆ ಮಣೆ ಮೇಲೆ ನೀವು ಕೂತಿದ್ರಿ ಎಂದು. ಅಮ್ಮ ನನ್ನ ತೋಳು ಹಿಡಿದು ಎಳೆಯುತ್ತಿದ್ದರು.

ಅವರಿಗೆ ಸಿಟ್ಟು ಬರಲಿಲ್ಲ. ಸಿಟ್ಟು ಬಂದಿದ್ದರೆ ನಾನು ಅಷ್ಟಾದರೂ ಮನುಷ್ಯ ಅಂದುಕೊಳ್ಳುತ್ತಿದ್ದೆ.

"ಮನೇಲಿ ಅಷ್ಟೊಂದು ಮಣೆ ಇದ್ವು," ಎಂದರು. "ಬೇರೆ ಒಂದನ್ನ ಹಾಕ್ಕೋಬಹುದಿತ್ತು ಅವಳು."

ನಾವು ಆ ಮನೆ ಬಿಟ್ಟೆವು. ಅಲ್ಲಿ ಈಗ ನಾಲ್ಕಂತಸ್ತಿನ ಕಟ್ಟಡ ಬಂದಿದೆ, ಓನರ್ರೂ ಹೋದರು. ಹೋದವರ ಬಗ್ಗೆ ಒಳ್ಳೆಯದನ್ನೇ ಆಡಬೇಕೆನ್ನುತ್ತಾರೆ. ನನ್ನಿಂದ ಆಗಲಿಲ್ಲ, ಆಗುವುದೂ ಇಲ್ಲ.

ಮಗಳ ಮನೆಯಲ್ಲಿ ಅಂದು ನಾನು ಮಾಡಿದ್ದನ್ನು ಅಳಿಯ ಈಗಲೂ ಹೇಳಿಕೊಂಡು ನಗುತ್ತಾನೆ. ಮೊದಲು ಸ್ವಿಚ್ ಆರಿಸಿದೆ. ಆಮೇಲೆ ಆ ಚಪ್ಪಲಿ ಜೊತೆಯನ್ನು ಎತ್ತಿಕೊಂಡು, ಕುರ್ಚಿ ಎಳೆದು, ಫ್ರಿಜ್ಜಿಗೆ ಅಡ್ಡವಾಗಿ ಕೂತೆ. ಮನೆ ಓನರ್‌ಗೆ ಫೋನ್ ಮಾಡಿದೀವಿ ಅತ್ತೆ, ಮುಂದಿನ ವಾರ ಯಾರನ್ನಾದ್ರೂ ಕಳಿಸ್ತಾರಂತೆ ಎಂದ ಅಳಿಯ. ಮುಂದಿನ ವಾರದ ತನಕ ನಾನು ಇಲ್ಲಿಂದ ಏಳುವುದಿಲ್ಲ ಎಂದೆ. ನನ್ನ ಮುಖ ನೋಡಿ ಅವನು ಹೊರಟ. ಚಪ್ಪಲಿ ಹಾಕಿಕೊಂಡು... ಅಲ್ಲ, ನನ್ನ ಮಡಿಲಲ್ಲಿದ್ದವು, ಬರಿಗಾಲಲ್ಲೇ ಹೋಗಿ ರಸ್ತೆಯ ಎಲೆಕ್ಟ್ರಿಕಲ್ ಅಂಗಡಿಯಿಂದ ಒಬ್ಬನನ್ನು ಕರೆತಂದ.

ಗೋಡೆಯಲ್ಲಿ ಮೂರು ತೂತಿನ ಸಾಕೆಟ್ಟೇ ಇತ್ತು. ಆದರೆ ಬಿಚ್ಚಿ ನೋಡಿದರೆ ಮೂರನೆಯ ತೂತಿನ ಹಿಂದೆ ವೈರೇ ಇರಲಿಲ್ಲ. ಅವನು ಮೀಟರ್ ಬೋರ್ಡಿನಿಂದ ಹೊಸ ಅರ್ತ್ ವೈರ್ ಎಳೆದು ಕೂಡಿಸಿದ. ಟೆಸ್ಟರ್ ಇಟ್ಟು ತೋರಿಸಿದ, ದೀಪ ಹತ್ತಲಿಲ್ಲ. ನನಗೆ ಅಷ್ಟು ಸಾಲದು, ನಾನೇ ಇನ್ನೊಮ್ಮೆ ಇಟ್ಟು ನೋಡಿದೆ.

ಮಗಳು ಬರಿಗಾಲಲ್ಲಿ ಹೋಗಿ ಬಾಗಿಲು ತೆಗೆದಳು. ನನಗೊಂದು ಲೋಟ ನೀರು ಬಗ್ಗಿಸಿ ತಂದು ಕೈಗಿಟ್ಟು, ಏನೂ ಆಗ್ಲಿಲ್ಲ ನೋಡು, ಸುಮ್ನೆ ಎಷ್ಟು ರಂಪ ಮಾಡ್ದೆ ಎಂದಳು.

ಏನೂ ಆಗಲಿಲ್ಲ, ನಿಜ. ಬೇಕಾಗಿದ್ದದ್ದು ಇಷ್ಟೇ. ದೊಡ್ಡಮ್ಮ ಬೀದಿಗೆಲ್ಲ ತಣ್ಣನೆ ನೀರು ಕೊಟ್ಟರು. ಆ ಮಣೆ ಹಾಕಿದ ಮೇಲೆ ತಮ್ಮದೇ ಅಡುಗೆಮನೆಯಲ್ಲಿ, ತಮ್ಮದೇ ಫ್ರಿಜ್ಜಿನ ಬಾಗಿಲನ್ನು, ಅದಿಲ್ಲದೆ ಬರಿಗಾಲಲ್ಲಿ ನಿಂತು ಅವರು ತೆಗೆದದ್ದು ಒಂದೇ ಒಂದು ಸಲ.